ಬಾಯಿಮಾತು

ಇಸ್ತ್ರಿ ಗಾಡಿಯವಳು ಬಾಡಿಗೆಗೆ ಬಿಡಲೆಂದು ಒಂದು ಸಣ್ಣ ಮನೆ ಕೊಳ್ಳಲು ಹೊರಟಿದ್ದಳು. ಮುಂಗಡ ಕೊಟ್ಟಾಗಿತ್ತು, ಸಾಲ ಸಿಗದಿದ್ದರೆ ಅದೂ ಮುಳುಗುತ್ತಿತ್ತು. ಫೈನಾನ್ಸ್ ಕಂಪನಿಯ ಸಾಹೇಬರು ವಿಚಾರಿಸಲು ಗಾಡಿಯ ಹತ್ತಿರವೇ ಬಂದರು.

“ಸ್ಯಾಲರಿ ಸ್ಲಿಪ್ ಇದ್ಯಾ?”

“ನನಗ್ಯಾರು ಸಂಬಳ ಕೊಡ್ತಾರೆ ಸಾರ್?”

“ಐಟಿ ರಿಟರ್ನ್ಸು?”

ಅವಳು ಯಾರದೋ ಸೀರೆಯ ಮೇಲೆ ಮರೆತಿದ್ದ ಪೆಟ್ಟಿಗೆಯನ್ನು ಗಾಬರಿಯಲ್ಲಿ ಎತ್ತಿದಳು. ಸೆರಗು ಸುಟ್ಟಿತ್ತು.

“ಬರೀ ಬಾಯಿಮಾತಿಗೆ ಸಾಲ ಕೊಡೋಕಾಗಲ್ಲಮ್ಮ.” ಅವರು ಫೈಲು ಮುಚ್ಚಿದರು.

ಪಕ್ಕದಲ್ಲಿ ಹೂ ಕಟ್ಟುತ್ತಿದ್ದವಳು ದಾರ ಕೆಳಗಿಟ್ಟು ಎದ್ದು ಬಂದಳು. “ಸ್ವಲ್ಪ ನಿಲ್ಲಿ ಸಾರ್. ಬೆಳಗ್ಗಿಂದ ಸಂಜೆವರೆಗೂ ಇವಳ ಪಕ್ಕದಲ್ಲೇ ಕೂತಿರ್ತೀನಿ. ಸುತ್ತಲ ಬೀದಿ ಬಟ್ಟೆಯೆಲ್ಲ ಇವಳ ಹತ್ರಾನೇ ಬರತ್ತೆ. ನಮ್ ಚೀಟೀಲಿ ಒಂದು ಕಂತೂ ತಪ್ಪಿಸಿದವಳಲ್ಲ. ನಂದೇ ಸಾಕ್ಷಿ ಅಂತ ಬರ್ಕೊಳಿ.”

ಸಾಹೇಬರು ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ಫೈಲು ತೆರೆದು, ಹೂವಿನವಳ ಸಹಿ ಹಾಕಿಸಿಕೊಂಡರು.

ಕೆಲವು ತಿಂಗಳ ಮೇಲೆ ಆ ಮನೆಯ ಗೇಟಿಗೆ ‘ಬಾಡಿಗೆಗಿದೆ’ ಎಂಬ ಬೋರ್ಡು ಬಿತ್ತು. ಮೊದಲು ಬಂದವಳು ಹೂವಿನವಳೇ.

“ನಾವಿರೋ ಮನೆ ಒಡೆದು ಕಟ್ತಾರಂತೆ ಕಣೆ. ಇದನ್ನ ನಮಗೇ ಕೊಡು. ಬಾಡಿಗೆ ತಪ್ಪಿಸಲ್ಲ” ಎಂದು ಒಂದು ಮೊಳ ಮಲ್ಲಿಗೆಯನ್ನು ಅವಳ ಕೈಗಿಟ್ಟಳು.

ಇಸ್ತ್ರಿಯವಳು ಹೂ ಮುಡಿದುಕೊಂಡಳು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಬರೀ ಬಾಯಿಮಾತಿಗೆ ಹೇಗಕ್ಕಾ ಕೊಡೋದು? ಮನೇಲಿ ಯಾರದಾದ್ರೂ ಸ್ಯಾಲರಿ ಸ್ಲಿಪ್ ಇದ್ಯಾ?”