ಒಬ್ಬರಿಗೆ ಮೇಜಿಲ್ಲ

"ನಾಲ್ಕು ಜನದ ಕುರಾಮೋಚಿ ಅವ್ರೇ, ಒಳಗೆ ಬನ್ನಿ!"

ಓರಿಯೆ ಹಲ್ಲು ಕಡಿದಳು. ಹೋಟೆಲಿನ ಬಾಗಿಲ ಬಳಿ, ಕಾಯುವವರು ಹೆಸರು ಬರೆಯುವ ಹಾಳೆಯಲ್ಲಿ ಅವಳಾದ ಮೇಲೆ ಹೆಸರು ಬರೆದ ಆರನೇ ಕುಟುಂಬ ಅವಳನ್ನು ದಾಟಿ ಒಳಗೆ ಹೋಗುತ್ತಿತ್ತು. ಬೆಳಿಗ್ಗೆಯಿಂದ ದೀಪಸ್ತಂಭ, ಗುಹೆ, ದೇಗುಲ ಎಲ್ಲವನ್ನೂ ಒಬ್ಬಳೇ ಸುತ್ತಿ, ಜಪಾನಿನ ಈ ಬಂದರಿನ ಹಸಿ ಶಿರಾಸು ಮೀನಿನ ಅನ್ನಕ್ಕೆಂದೇ ಹಸಿದು ಬಂದಿದ್ದಳು. ಬೆಳಿಗ್ಗೆ ಹಿಡಿದ ಮೀನಿನಲ್ಲಿ ಇನ್ನು ಎರಡೇ ಬಟ್ಟಲು ಉಳಿದಿವೆ ಎಂದು ಹಲಗೆ ಹೇಳುತ್ತಿತ್ತು.

"ಏನ್ರೀ, ನನ್ ಹೆಸ್ರು ಕಾಣಲ್ವಾ?"

ಹೋಟೆಲಿನಾಕೆ ಸೊಂಟ ಬಾಗಿಸಿದಳು. "ಕ್ಷಮಿಸ್ಬೇಕು. ಒಬ್ರೇ ಬಂದ್ರೆ ಅಡುಗೆಕಟ್ಟೆ ಮುಂದಿನ ಸೀಟು. ಇರೋದೇ ಎರಡು, ಅಲ್ಲಿ ಕೂತವ್ರಿನ್ನೂ ಎದ್ದಿಲ್ಲ. ಮೇಜು ಇಬ್ರಿಗಿಂತ ಕಮ್ಮಿಗೆ ಕೊಡಲ್ಲ."

"ಒಬ್ಳೇ ಬಂದ್ರೆ ಹೊಟ್ಟೆನೂ ಅರ್ಧ ಇರುತ್ತಾ?"

ಆಕೆ ಇನ್ನಷ್ಟು ಬಾಗಿದಳು. ಆ ವಿನಯ ಕಂಡು ಓರಿಯೆಯ ಸಿಟ್ಟು ನೆತ್ತಿಗೇರಿತು.

"ನಿನಗಿಂತ ಮುಂಚೆ ಬರ್ದೋನು ನಾನು ತಾಯಿ," ಬೆಂಚಿನ ಮೇಲಿದ್ದ ಒಂಟಿ ಮುದುಕ ಗೊಣಗಿದ. "ಕಾದೂ ಕಾದೂ ಉಳಿದಿರೋ ಹಲ್ಲೂ ಉದುರೋ ಹಾಗಿದೆ."

ಓರಿಯೆ ಪೆನ್ನು ಕಿತ್ತುಕೊಂಡಳು. ತನ್ನ ಮೇಲಿನ ಸಾಲಿನಲ್ಲಿ ಮುದುಕನ ಹೆಸರಿನ ಮುಂದಿದ್ದ 'ಒಂದ'ನ್ನು ಹಾಳೆ ಹರಿಯುವಂತೆ ಗೀಚಿ 'ಎರಡು' ಮಾಡಿದಳು. ತನ್ನ ಹೆಸರನ್ನೇ ಹೊಡೆದು ಹಾಕಿದಳು.

"ಏಳಿ ತಾತ, ಊಟಕ್ಕೆ."

ಹೋಟೆಲಿನಾಕೆಯ ಸೊಂಟ ನೆಟ್ಟಗಾಯಿತು. "ನೀವಿಬ್ರೂ... ಒಂದೇ ಮನೆಯವ್ರಾ?"

ಮುದುಕ ಕೋಲೂರಿ ಎದ್ದು ನಿಂತ.

"ನನ್ ಮಗಳು. ಈಗ್ ತಾನೇ ಹುಟ್ಟಿದ್ಲು. ಹುಟ್ಟುವಾಗ್ಲೇ ಹಸಿವು, ಹುಟ್ಟುವಾಗ್ಲೇ ಸಿಟ್ಟು. ದಾರಿ ಬಿಡಿ."