ದುರ್ಗವ್ವನ ಕುರ್ಚಿ

ಪಂಚಾಯಿತಿ ಅಧ್ಯಕ್ಷಗಿರಿಗೆ ನಿಂತ ನೀಲವ್ವ, ತನ್ನ ಜೊತೆ ಉಪಾಧ್ಯಕ್ಷೆಯಾಗಲು ದುರ್ಗವ್ವನ ಹೆಸರು ಹೇಳಿದಾಗ ಹಿರಿಯ ಸದಸ್ಯರ ಮುಖ ಕಪ್ಪಿಟ್ಟಿತು. ಮೊನ್ನೆ ಮೊನ್ನೆಯವರೆಗೂ ಅದೇ ಕಚೇರಿಯ ಕಸ ಗುಡಿಸಿದವಳು ದುರ್ಗವ್ವ. ಈ ಸಲ ತನ್ನ ಕೇರಿಯಿಂದ ಸದಸ್ಯೆಯಾಗಿ ಗೆದ್ದು ಬಂದಿದ್ದಳು.

"ನಮ್ಮ ಸರಿಸಮ ಅಕಿ ಕುಂದ್ರಬೇಕೇನು?" ಎಂದರು ಶಿವನಗೌಡರು.

"ಗೆದ್ದಾಕಿ ಮತ್ತೆಲ್ಲಿ ಕುಂದ್ರಬೇಕ್ರಿ ಗೌಡ್ರ, ಕಸಬರಗಿ ಮ್ಯಾಲೇನು?"

"ಹಂಗಾದ್ರ ಕೇಳು ನೀಲವ್ವಾ. ಕಲ್ಮೇಶನ ಆಣಿ, ಅಕಿ ಕುರ್ಚಿ ಮ್ಯಾಲೆ ಕುಂತಿರೂತನಕಾ ನಾವ್ಯಾರೂ ಕುಂದ್ರಂಗಿಲ್ಲ."

"ದೇವರ ಆಣಿ ಮಾಡೀರಿ. ತಪ್ಪಬ್ಯಾಡ್ರಿ ಮತ್ತ," ಎಂದಳು ನೀಲವ್ವ.

ಕಲ್ಮೇಶ ಕೇಳಿಸಿಕೊಂಡನೋ ಏನೋ, ಇಬ್ಬರೂ ಗೆದ್ದರು. ಮೊದಲ ಸಭೆಯಲ್ಲಿ ಗೌಡರೂ ಅವರ ಕಡೆಯವರೂ ಆಣೆಗೆ ಕಟ್ಟುಬಿದ್ದು, ದುರ್ಗವ್ವನ ಎದುರಿನ ಗೋಡೆಯುದ್ದಕ್ಕೂ ಕೈಕಟ್ಟಿ ನಿಂತರು. ಹಿರಿಯರು ನಿಂತದ್ದು ಕಂಡು ಹಳೆಯ ರೂಢಿಯಂತೆ ದುರ್ಗವ್ವ ಏಳಹೋದಳು.

"ಏಳಬ್ಯಾಡ, ಕುಂದ್ರು," ಎಂದು ನೀಲವ್ವ ಅವಳ ಕೈ ಹಿಡಿದಳು.

ಅಷ್ಟರಲ್ಲಿ ಪರವೂರಿನ ಮುದುಕನೊಬ್ಬ ಅರ್ಜಿ ಹಿಡಿದು ಬಾಗಿಲಿಗೆ ಬಂದ. ನಿಂತ ಗೌಡರನ್ನು ನೋಡಿದ, ಅವರೆದುರು ಕುಳಿತ ದುರ್ಗವ್ವನನ್ನು ನೋಡಿದ. ಚಪ್ಪಲಿ ಹೊರಗೆ ಬಿಟ್ಟು ಒಳಬಂದು, ಅವಳಿಗೆ ಬಾಗಿ ಕೈಮುಗಿದ.