ಆಲ್ಬಮ್ಮಿನ ಮೂರನೇ ತುಣುಕು

“ಬಂದ್ ಮಾಡದನ್ನ! ಮದಲ ಬಂದ್ ಮಾಡು!”

ಧೂಳಪ್ಪ ಮಾಸ್ತರರು ಚೀರಿದ ರಭಸಕ್ಕೆ ಬಸಿಯಲ್ಲಿದ್ದ ಚಹಾ ಪಾಯಜಾಮದ ಮೇಲೆಲ್ಲ ಚೆಲ್ಲಿತು. ಮಗ ಕುನಾಲ ಗಾಬರಿಬಿದ್ದು ಸ್ಪೀಕರನ್ನೇ ಆರಿಸಿಬಿಟ್ಟ.

ಮುಂಬೈಯಲ್ಲಿ ಪಿಯಾನೋ ನುಡಿಸುವ ಕುನಾಲ ಎರಡು ವರ್ಷ ಒದ್ದಾಡಿ ತನ್ನ ಮೊದಲ ಜಾಝ್ ಆಲ್ಬಮ್ ಮುಗಿಸಿದ್ದ. ನುಡಿಸಿದವರು ನಾಲ್ಕೇ ಜನ: ಇವನ ಪಿಯಾನೋ, ಒಂದು ಸ್ಯಾಕ್ಸೋಫೋನು, ಬಾಸ್ ಗಿಟಾರು, ಡ್ರಮ್ಮು. ಶುಕ್ರವಾರ ಬಿಡುಗಡೆ. ಅದಕ್ಕೂ ಮೊದಲು ಅಪ್ಪ ಅವ್ವ ಕೇಳಲಿ ಎಂದು ತನ್ನ ಹಳ್ಳಿ ಭೋಜಕ್ಕೆ ಬಂದಿದ್ದ. ಮೊದಲೆರಡು ತುಣುಕು ಮಾಸ್ತರರಿಗೆ ಎಳ್ಳಷ್ಟೂ ತಿಳಿದಿರಲಿಲ್ಲ; ಆದರೂ ತಲೆದೂಗಿದ್ದೇ ದೂಗಿದ್ದು, ಮಗನದಲ್ಲವೇ! ಮೂರನೆಯದರಲ್ಲಿ ಪಿಯಾನೋ ಮೇಲೆ ಕುನಾಲನ ಎಡಗೈ ಒಂದು ಪೆಟ್ಟು ಹಿಡಿಯಿತು, ಡ್ರಮ್ಮು ಅದನ್ನೇ ಎತ್ತಿಕೊಂಡಿತು. ಅವರ ಮುಖದ ಕಳೆಯೇ ಇಳಿದುಹೋಯಿತು.

“ಇದು ಹೆಣದ ಮುಂದಿನ ಹಲಗಿ ಪೆಟ್ಟ ಐತಿ, ಗೊತ್ತೈತೇನ ನಿನಗ? ಊರಾಗ ಯಾರ ಸತ್ತರೂ ನಮ್ಮಪ್ಪ, ನಾ ಸುಡಗಾಡತನಾ ಬಾರಸ್ಕೊಂತ ಹೋಗಬೇಕಿತ್ತು. ಬುದ್ಧ ದೀಕ್ಷಾ ತಗೊಂಡ ದಿವಸ ನಮ್ಮಪ್ಪ ಹಲಗಿ ಒಯ್ದು ದೂಧಗಂಗಾ ಹೊಳ್ಯಾಗ ಬಿಟ್ಟ. ಇನ್ನ ಈ ಸಪ್ಪಳ ನಮ್ಮ ಮನ್ಯಾಗ ಬ್ಯಾಡಂತ ನನ್ನ ಕಡಿಂದ ಆಣಿ ಮಾಡಿಸಿದ. ಆಗ ನನಗ ಹನ್ನೆರಡ ವರ್ಷ!”

ಕುನಾಲ ದಂಗಾಗಿ ನಿಂತ. “ನನಗ ಗೊತ್ತಿರಲಿಲ್ರಿ ಪಪ್ಪಾ.”

“ಗೊತ್ತಿಲ್ಲದ ಹೆಂಗ ಬಂತಲೇ? ಒಂದ ಪೆಟ್ಟ ತಪ್ಪಿಲ್ಲ! ಯಾರ ಕಲಿಸಿದ್ರು ಹೇಳು. ಅದನ್ನ ತಗದ ಹಾಕು, ಇಲ್ಲಂದ್ರ ಈ ಮನಿ ಹೊಸ್ತಿಲಾ ತುಳೀಬ್ಯಾಡ.”

“ಅದನ್ನ ತಗದ್ರ ಏನ ಉಳಿತೈತ್ರಿ? ಇಡೀ ಆಲ್ಬಮ್ ಹುಟ್ಟಿದ್ದ ಅದರಿಂದ.” ಕುನಾಲ ಅಪ್ಪನ ಹತ್ತಿರ ಬಂದ. “ಯಾರೂ ಕಲಿಸಿಲ್ರಿ ಪಪ್ಪಾ. ನಾ ಸಣ್ಣಾಂವ ಇದ್ದಾಗ ನನ್ನ ಮಲಗಸಾಕ ನೀವ ಬೆನ್ನ ಮ್ಯಾಲ ಬಡೀತಿದ್ರಲ್ಲಾ, ಅದ ಇದು.”

ಮಾಸ್ತರರು ದಡಕ್ಕನೆ ಎದ್ದು ನಿಂತರು. ಐದು ದಶಕ ಹಲಗಿಯ ಹತ್ತಿರ ಸುಳಿಯದ ಮನುಷ್ಯ, ಊರಲ್ಲಿ ಹಲಗಿ ಕೇಳಿಸಿದರೆ ಕಿಟಕಿ ಮುಚ್ಚುವ ಮನುಷ್ಯ!

“ಸುಳ್ಳ! ಹೆಣದ ಪೆಟ್ಟು, ನಾನು, ನನ್ನ ಕೂಸಿನ ಬೆನ್ನ ಮ್ಯಾಲ?” ಅವರು ಹೆಂಡತಿಯತ್ತ ತಿರುಗಿದರು. “ನೀ ಆದ್ರೂ ಹೇಳ ಅಕ್ಕುತಾಯಿ. ಸುಳ್ಳ ಹೌದಲ್ಲೊ?”

ಅಕ್ಕುತಾಯಿ ತಲೆ ಎತ್ತಲಿಲ್ಲ.

“ನಮ್ಮಪ್ಪನೂ ಹಲಗಿ ಬಾರಸಾಂವ್ರಿ, ಅದು ಹೆಣದ ಪೆಟ್ಟಂತ ನನಗ ಆಗ ಗೊತ್ತಾಗಿತ್ತು. ಆದ್ರ ಕೂಸು ಬ್ಯಾರೆ ಯಾವದಕ್ಕೂ ಮಲಗತಿದ್ದಿಲ್ಲ.”